ಹೊರಗಿನ ಮಣ್ಣು

ಅಗರ, ಯಳಂದೂರು ತಾಲ್ಲೂಕು
9 ನವೆಂಬರ್ 2003

ಪ್ರೀತಿಯ ಮೀನಾ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು ಅಂತ ನಿಮಗೆಲ್ಲ ಐದನೇ ಕ್ಲಾಸಿನಲ್ಲಿ ಹೇಳಿಕೊಟ್ಟವಳು ನಾನೇ. ಇವತ್ತು ಆ ಸಾಲು ನನ್ನ ಕೈಗೇ ಬರುತ್ತಿಲ್ಲ. ಮನುಷ್ಯರೇನೋ ಕ್ಷೇಮ. ಸೇವಂತಿಗೆ ಕ್ಷೇಮವಿಲ್ಲ.

ನಮ್ಮ ಸ್ತ್ರೀಶಕ್ತಿ ಸಂಘದ ಒಂಬತ್ತು ಮನೆಯವರು ಈ ವರ್ಷ ಹಳದಿ ಸೇವಂತಿಗೆ ಹಾಕಿದ್ದೆವು. ನಾನು ಪಿಂಚಣಿ ಉಣ್ಣುವವಳು, ನನಗೆ ಅದು ಹೊತ್ತು ಕಳೆಯುವ ಕೆಲಸ. ಪಕ್ಕದ ಮನೆಯ ರಂಗಮ್ಮನಂಥವರಿಗೆ ಒಲೆ ಉರಿಯುವುದೇ ಹೂವಿನಿಂದ. ಮೊಗ್ಗು ಕಟ್ಟುವ ಹೊತ್ತಿಗೆ ಗಿಡ ಹಗಲು ಜೋಲು ಬೀಳುವುದು, ಸಂಜೆಗೆ ಎದ್ದು ಕೂರುವುದು, ಮೂರನೇ ದಿನ ಹಸಿರು ಹಸಿರಾಗಿಯೇ ಸತ್ತುಹೋಗುವುದು. ಕೊಳ್ಳೇಗಾಲದಿಂದ ತಂದ ಔಷಧಿಗಳನ್ನೆಲ್ಲ ಹೊಡೆದೆವು. ಗಿಡ ಕುಡಿದು ಸುಮ್ಮನಾಯಿತು. ನಿನ್ನೆ ರಂಗಮ್ಮ ಜಗಲಿಯ ಮೇಲೆ ಕೂತು, "ಟೀಚರಮ್ಮ, ಗಂಡ ಸತ್ತಾಗ್ಲೂ ಇಷ್ಟ್ ಅತ್ತಿರ್ನಿಲ್ಲ ಕಣ್ರಿ. ಅವ್ನು ಕುಡ್ದು ಸತ್ತ. ಇವೇನ್ ಕುಡ್ದಿದ್ವು?" ಅಂದಳು. ನಗಬಾರದಿತ್ತು, ನಕ್ಕುಬಿಟ್ಟೆ. ಅವಳೂ ನಕ್ಕಳು, ಆಮೇಲೆ ಅತ್ತಳು.

ಊರಲ್ಲಿ ಒಂದು ಮಾತು ಎದ್ದಿದೆ. ಜೂನ್‌ನಲ್ಲಿ ಒಬ್ಬರು ಬೆಟ್ಟದ ಕಡೆಯಿಂದ ಎಲೆಮಣ್ಣು ತಂದು ಎಲ್ಲರ ಪಾತಿಗೂ ಹಾಕಿಸಿದ್ದರು. ರೋಗ ಅದರಲ್ಲೇ ಬಂತು ಅನ್ನುತ್ತಾರೆ. ಗಿಡಕ್ಕೆ ಬಂದ ರೋಗವನ್ನು ಅದರ ವಂಶದ ಗುರುತು ಹಿಡಿದು ಪತ್ತೆ ಮಾಡುವ ಕಡೆ ನೀನು ಓದುತ್ತಿದ್ದೀಯಲ್ಲ, ಒಂದು ಸಲ ನೋಡಿ ಹೇಳಿದರೆ ಊರಿನ ಬಾಯಿ ಮುಚ್ಚುತ್ತದೆ. ಫೋನ್ ಮಾಡಬಹುದಿತ್ತು. ಬೂತಿನ ರಾಜಣ್ಣನಿಗೆ ಕಿವಿ ಮೂರು, ಅದಕ್ಕೆ ಕಾಗದ.

ಶನಿವಾರ ಹಾಸ್ಟೆಲಿನಿಂದ ಓಡಿ ಬಂದು ನಮ್ಮ ಹಂಡೆಒಲೆಯ ಮುಂದೆ ತಲೆ ಒಡ್ಡಿ ಕೂರುತ್ತಿದ್ದ ಹುಡುಗಿಗೆ ಈಗ ಎಣ್ಣೆ ಹಚ್ಚುವವರು ಯಾರು?

ನಿನ್ನ,
ಶಂಕರಮ್ಮ


ಬೆಂಗಳೂರು
17 ನವೆಂಬರ್ 2003

ಟೀಚರಮ್ಮನವರಿಗೆ ಮೀನಾಳ ನಮಸ್ಕಾರ.

ತಲೆಗೆ ನಾನೇ ಎಣ್ಣೆ ಹಾಕಿಕೊಳ್ಳುತ್ತೇನೆ. ನಡುನೆತ್ತಿಗೆ ಕೈ ಸರಿಯಾಗಿ ಎಟುಕುವುದಿಲ್ಲ.

ಮೊದಲು ಅಲ್ಲೇ ಒಂದು ಪರೀಕ್ಷೆ ಮಾಡಿ. ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಅಲುಗಿಸಬೇಡಿ. ಐದು ನಿಮಿಷದೊಳಗೆ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ. ಬೂಷ್ಟು ರೋಗವಾದರೆ ಹಾಗೆ ಇಳಿಯುವುದಿಲ್ಲ.

ಆಮೇಲೆ ನಿಮ್ಮ ಹಿತ್ತಲಿನದೊಂದು ಗಿಡ, ರಂಗಮ್ಮನವರದೊಂದು ಗಿಡ ಬೇರೆ ಬೇರೆ ಪೇಪರಿನಲ್ಲಿ ಸುತ್ತಿ ಕಳಿಸಿ. ಒಂದನ್ನು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ. ಪಾತಿಗೆ ಹಾಕದೆ ಉಳಿದ ಎಲೆಮಣ್ಣು ಇದ್ದರೆ ಅದೂ ಬೇಕು.

ಎರಡು ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ಆ ಪಾತಿಗಳಿಗೆ ಹೊರಗಿನಿಂದ ಬಂದದ್ದು ಏನೇನು? ಮಣ್ಣು, ಗೊಬ್ಬರ, ಗಿಡ, ಯಾವುದನ್ನೂ ಬಿಡಬೇಡಿ. ಎಲೆಮಣ್ಣು ಹಾಕಿಯೂ ಚೆನ್ನಾಗಿರುವ ಪಾತಿ ಯಾವುದಾದರೂ ಇದೆಯೇ?

ಎಲೆಮಣ್ಣು ತಂದವರ ಹೆಸರು ನೀವು ಬರೆದಿಲ್ಲ. ನಾನೂ ಕೇಳುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಮೀನಾ


ಅಗರ
30 ನವೆಂಬರ್ 2003

ಮೀನಾ,

ನೀನು ಹೇಳಿದ ಲೋಟದ ಪರೀಕ್ಷೆಯನ್ನು ನಮ್ಮ ಜಗಲಿಯ ಮೇಲೆ ಮಾಡಿದೆವು. ಒಂಬತ್ತು ಮನೆಯವರೂ ಸುತ್ತ ಕೂತಿದ್ದರು. ಹೆಣ್ಣು ನೋಡಲು ಬಂದವರ ಹಾಗೆ ಎಲ್ಲರ ಕಣ್ಣೂ ಲೋಟದ ಮೇಲೆ. ಎರಡು ನಿಮಿಷ ಏನೂ ಇಲ್ಲ. "ಏಯ್, ಗಿಡಕ್ಕೂ ನಾಚ್ಕೆ ಕಣ್ರೇ, ಎಲ್ರೂ ನೋಡ್ತಾವ್ರೆ ಅಂತ" ಎಂದು ಯಾರೋ ಅಂದರು. ಆಮೇಲೆ ಕಾಂಡದ ತುದಿಯಿಂದ ಬಿಳೀ ಎಳೆಯೊಂದು ನಿಧಾನಕ್ಕೆ ಇಳಿಯತೊಡಗಿತು.

"ಅಯ್ಯೋ, ಹಾಲು!" ಎಂದಳು ರಂಗಮ್ಮ.

"ಹಾಲಲ್ಲ ಕಣೇ, ಕೀವು" ಎಂದರು ಮಹಾಲಕ್ಷ್ಮಮ್ಮ. ಎದುರು ಮನೆಯವರು, ಸಂಘಕ್ಕೆ ಸೇರದೆಯೂ ಸಂಘದ ಎಲ್ಲ ಮಾತಿಗೂ ಸೇರುವವರು.

ಅಲ್ಲಿಗೆ ನಗು ನಿಂತಿತು.

ಪೊಟ್ಟಣಗಳನ್ನು ಯಳಂದೂರಿನಿಂದ ರಿಜಿಸ್ಟರ್ ಮಾಡಿದ್ದೇನೆ. ಒಂದನೆಯದು ನನ್ನದು, ಎರಡನೆಯದು ರಂಗಮ್ಮನದು. ಮೂರನೆಯದು ಎಲೆಮಣ್ಣು. ತಂದವರು ನನ್ನ ತುಳಸಿಗೆ ಅಂತ ಮುತ್ತುಗದೆಲೆಯಲ್ಲಿ ಬೇರೆಯಾಗಿ ಕಟ್ಟಿಕೊಟ್ಟಿದ್ದರು, ಅಟ್ಟದ ಮೇಲೆ ಹಾಗೆಯೇ ಉಳಿದಿತ್ತು. ಗಂಟು ಬಿಚ್ಚದೆ ಕಳಿಸಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ: ಹೊರಗಿನಿಂದ ಬಂದದ್ದು ಆ ಎಲೆಮಣ್ಣು ಒಂದೇ. ಕೊಟ್ಟಿಗೆ ಗೊಬ್ಬರ ಅವರವರದು. ಗಿಡ ಹೊರಗಿನದಲ್ಲ, ನಮ್ಮ ಮನೆಯದೇ. ಎರಡನೇ ಪ್ರಶ್ನೆಗೆ, ಅಂಥ ಪಾತಿ ಯಾವುದೂ ನನಗೆ ಕಂಡಿಲ್ಲ.

ಬೇಗ ಬರಿ. ಇಲ್ಲಿ ಜನ ಕಾಯುತ್ತಿದ್ದಾರೆ.

ನಿನ್ನ,
ಶಂಕರಮ್ಮ


ಬೆಂಗಳೂರು
20 ಜನವರಿ 2004

ಟೀಚರಮ್ಮನವರಿಗೆ ನಮಸ್ಕಾರ.

ಫಲಿತಾಂಶ ಬಂದಿದೆ.

ಲೋಟದಲ್ಲಿ ಇಳಿದದ್ದು ಬ್ಯಾಕ್ಟೀರಿಯಾ ಅಂತ ಮಾತ್ರ ಗೊತ್ತಾಯಿತು, ಯಾವುದು ಅಂತ ಗೊತ್ತಾಗಲಿಲ್ಲ. ಅದಕ್ಕೆ ಅದರ ಒಳಗಿನ ಬರಹ ಓದಬೇಕು. ಪ್ರತಿ ಜೀವಿಯೊಳಗೂ ಅದರ ವಂಶದ ಬರಹ ಇರುತ್ತದೆ. ಸೊರಗು ರೋಗ ತರುವ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದಲ್ಲಿ ಬೇರೆ ಯಾವುದರಲ್ಲೂ ಇಲ್ಲದ ಒಂದು ತುಂಡು ಬರಹವಿದೆ. ನಾವು ಆ ತುಂಡನ್ನಷ್ಟೇ ಹುಡುಕುತ್ತೇವೆ. ಸಿಕ್ಕರೆ, ಯಂತ್ರ ಅದನ್ನು ಕಾಯಿಸಿ ತಣಿಸಿ, ಕಾಯಿಸಿ ತಣಿಸಿ, ಒಂದನ್ನು ಕೋಟಿ ಮಾಡುತ್ತದೆ. ಇಲ್ಲದಿದ್ದರೆ ಎಷ್ಟು ಕಾಯಿಸಿದರೂ ಸೊನ್ನೆ ಸೊನ್ನೆಯೇ. ಕೊನೆಗೆ ಜೆಲ್ಲಿಯಂಥ ತೆಳುಹಾಳೆಯಲ್ಲಿ ಓಡಿಸಿ ಬೆಳಕಿಗೆ ಹಿಡಿದಾಗ, ಇದ್ದರೆ ಒಂದು ಹೊಳೆಯುವ ಗೆರೆ ಕಾಣುತ್ತದೆ.

ಒಂದನೇ ಪೊಟ್ಟಣ, ಗೆರೆ ಇದೆ. ಎರಡನೇ ಪೊಟ್ಟಣ, ಗೆರೆ ಇದೆ. ಮೂರನೆಯದರಲ್ಲಿ ಗೆರೆ ಇಲ್ಲ.

ಎಲೆಮಣ್ಣಿನ ಕಪ್ಪು ಕೆಲವು ಸಲ ಯಂತ್ರದ ಕಣ್ಣು ಕಟ್ಟುತ್ತದೆ, ರೋಗ ಇದ್ದರೂ ಇಲ್ಲವೆನಿಸುತ್ತದೆ. ಅದಕ್ಕಾಗಿ ಅದೇ ಮಣ್ಣಿಗೆ ಬೇಕೆಂದೇ ಸ್ವಲ್ಪ ಬ್ಯಾಕ್ಟೀರಿಯಾ ಬೆರೆಸಿ ನೋಡಲಾಯಿತು. ಆಗ ಗೆರೆ ಬಂತು. ಅಂದರೆ ಯಂತ್ರಕ್ಕೆ ಕಣ್ಣು ಕಾಣುತ್ತಿತ್ತು, ಮಣ್ಣಿನಲ್ಲಿ ರೋಗ ಇರಲಿಲ್ಲ. ಮೂರು ಸಲ ಮಾಡಿದರೂ ಅಷ್ಟೇ.

ಇದನ್ನು ನಾನು ಮಾಡಲಿಲ್ಲ, ಟೀಚರಮ್ಮ. ಪಾರ್ಸೆಲ್ ಬಿಚ್ಚಿದಾಗ ಮುತ್ತುಗದೆಲೆಯ ಮೇಲೆ ನಾರಿನ ಗಂಟು ಕಂಡಿತು. ಎರಡು ಸುತ್ತು ಮುಂದಕ್ಕೆ, ಒಂದು ಸುತ್ತು ಹಿಂದಕ್ಕೆ. ಹಾಗೆ ಗಂಟು ಹಾಕುವವರು ನನಗೆ ಗೊತ್ತಿದ್ದಂತೆ ಒಬ್ಬರೇ, ನಮ್ಮಪ್ಪ. ಪೊಟ್ಟಣವನ್ನು ಹಾಗೆಯೇ ಜೊತೆಯವಳಾದ ಯಶೋದಳ ಕೈಗಿಟ್ಟು, ಮೇಲೆ ನಂಬರ್ ಮಾತ್ರ ಬರೆದೆ. ಯಾರ ಮಣ್ಣು ಎಂದು ಅವಳಿಗೆ ಹೇಳಲಿಲ್ಲ. ಹನ್ನೊಂದು ದಿನ ಆ ಕೋಣೆಗೆ ಕಾಲಿಡಲಿಲ್ಲ. ಗೆರೆ ಬಂದಿದ್ದರೆ ಅದನ್ನೂ ನಿಮಗೆ ಬರೆಯುತ್ತಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಅಂತ ನನಗೆ ಕಲಿಸಿದವರು ನೀವು.

ಸಂಕ್ರಾಂತಿಗೆ ಬೆಟ್ಟದ ಮೇಲೆ ನಮ್ಮ ಪೋಡಿನ ಮನೆಗೆ ಹೋಗಿದ್ದೆ. ಅಪ್ಪ ಬುಟ್ಟಿ ಹೆಣೆಯುತ್ತಾ ಕೂತಿದ್ದ. "ಅಗರಕ್ಕೆ ಹೋಗಲ್ವಾ ಅಪ್ಪ?" ಅಂದೆ. "ಮಂಡಿ ನೋವು ಕಣವ್ವ" ಅಂದ. ಅಷ್ಟು ಹೇಳಿ ಜೇನು ನೋಡಲು ಮರ ಹತ್ತಿದ. ಅವ್ವನನ್ನು ಕೇಳಿದೆ. ಅವಳು ಒಲೆ ಊದುತ್ತಲೇ ಇದ್ದಳು.

ಬರುವಾಗ ಯಳಂದೂರಿನಲ್ಲಿ ಬಸ್ಸು ಬದಲಿಸಿದೆ. ನಿಮ್ಮ ಮನೆಗೆ ಬರಬಹುದಿತ್ತು. ಬರಲಿಲ್ಲ.

ನಮ್ಮಪ್ಪನಿಗೆ ಏನು ಮಾಡಿದಿರಿ?

ಮೀನಾ


ಅಗರ
12 ಫೆಬ್ರವರಿ 2004

ಮೀನಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮೂರು ಬರೆದು ಹರಿದೆ, ಇದು ನಾಲ್ಕನೆಯದು.

ಅಕ್ಟೋಬರ್ ಮೊದಲ ವಾರ. ನಿಮ್ಮಪ್ಪ ಎರಡನೇ ಸಲ ಎಲೆಮಣ್ಣು ತಂದಿದ್ದ, ಎರಡು ಮೂಟೆ. ಗಿಡ ಸೊರಗಿದೆ ಅಂತ ಕೇಳಿ, ಇನ್ನಷ್ಟು ಮಣ್ಣು ಕೊಟ್ಟರೆ ಚೇತರಿಸಿಕೊಂಡಾವು ಅಂತ ತಾನಾಗಿ ಹೊತ್ತು ತಂದಿದ್ದ. ಕಾಲುವೆ ಹತ್ತಿರ ಹೆಂಗಸರು ತಡೆದರು. "ಏನ್ ಕೇತಯ್ಯ, ಸಾಯ್ದೆ ಉಳ್ದಿರೋವ್ಕೂ ಮದ್ದು ತಂದ್ಯಾ?" ಅಂತ ಒಬ್ಬಳು. "ಕಾಡ್ ಮಣ್ಣು, ಕಾಡ್ ರೋಗ" ಅಂತ ಇನ್ನೊಬ್ಬಳು. ನಾನು ಹಾಲು ತರಲು ಅದೇ ದಾರಿಯಲ್ಲಿ ಬಂದೆ. ರಂಗಮ್ಮ, "ಟೀಚರಮ್ಮ, ಓದಿರೋರು ನೀವೇ ಏಳಿ" ಅಂದಳು.

ನಾನು ಒಂದೇ ಮಾತು ಆಡಿದೆ. "ಹೊರಗಿನ ಮಣ್ಣು ಅಂತ ಬಂದದ್ದು ಅದೊಂದೇ ತಾನೇ?" ಅಂದೆ.

ರಂಗಮ್ಮ ಮೂಟೆಯ ಬಾಯಿ ಬಿಚ್ಚಿ ಕಾಲುವೆಗೆ ಸುರಿದಳು. ಇನ್ನೊಂದನ್ನು ಯಾರು ಸುರಿದರೋ ನೋಡಲಿಲ್ಲ. ನಿಮ್ಮಪ್ಪ ಅವರನ್ನು ತಡೆಯಲಿಲ್ಲ. ನನ್ನ ಕಡೆ ತಿರುಗಿ, "ಟೀಚರಮ್ನೋರೇ, ನೀವೂ ಅಂಗೇ ಅಂತೀರಾ?" ಅಂತ ಕೇಳಿದ. ಹಾಲಿನ ಚೊಂಬನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ಅದೇ ನಾನು ಕೊಟ್ಟ ಉತ್ತರ. ಅವನು ಖಾಲಿ ಚೀಲ ಕೊಡವಿ, ಮಡಿಚಿ, ಕಂಕುಳಲ್ಲಿಟ್ಟುಕೊಂಡು ಹೋದ. ಈ ಕಡೆ ಮತ್ತೆ ಬಂದಿಲ್ಲ.

ನೀನು ಕೇಳಿದ ಎರಡನೇ ಪ್ರಶ್ನೆಗೆ ನಾನು ಸುಳ್ಳು ಬರೆದೆ. ಎಲೆಮಣ್ಣು ಹಾಕಿಯೂ ಚೆನ್ನಾಗಿರುವ ಪಾತಿ ಇತ್ತು. ಮಹಾಲಕ್ಷ್ಮಮ್ಮನದು. ಅವರು ನಮ್ಮ ಹಳದಿ ಗಿಡ ತೆಗೆದುಕೊಂಡಿರಲಿಲ್ಲ, ಅವರದು ಹಳೇ ಬಿಳೀ ಸೇವಂತಿಗೆ. ಅವರ ಹೂವು ದಿನಾ ನನ್ನ ಕಣ್ಣೆದುರೇ ಅರಳುತ್ತಿತ್ತು. ನೋಡಿಯೂ ನೋಡದ ಹಾಗೆ ಇದ್ದೆ.

ಮೊದಲ ಪ್ರಶ್ನೆಗೆ ಬರೆದದ್ದು ಸುಳ್ಳು ಅಂತ ಬರೆಯುವಾಗ ನನಗೇ ಗೊತ್ತಿರಲಿಲ್ಲ. ನಿನ್ನ ಫಲಿತಾಂಶ ಓದಿದ ಮೇಲೆ ಗೊತ್ತಾಯಿತು. ಹಳದಿ ಸೇವಂತಿಗೆ ನನ್ನ ತವರಿನದು, ಹನೂರಿನ ಹತ್ತಿರದ ನಮ್ಮ ಅಣ್ಣನ ಮನೆಯದು. ಹೋದ ವರ್ಷ ಫೆಬ್ರವರಿಯಲ್ಲಿ ಹೋದಾಗ ಅತ್ತಿಗೆ ಲಕ್ಷ್ಮಿದೇವಿ ಬುಟ್ಟಿ ತುಂಬ ಬುಡದ ಮರಿಕಂದು ಕಿತ್ತು ಕೊಟ್ಟರು. ನಮ್ಮ ಮನೆತನದಲ್ಲಿ ಒಂದು ವಾಡಿಕೆ. ಹೆಣ್ಣುಮಕ್ಕಳಿಗೆ ಹೂವಿನ ಗಿಡ ಕೊಡುವಾಗ ಮಡಿಲಕ್ಕಿಯ ಜೊತೆ ಆ ಪಾತಿಯದೇ ಒಂದು ಹಿಡಿ ಮಣ್ಣನ್ನೂ ಸೆರಗಿಗೆ ಕಟ್ಟುತ್ತಾರೆ. ಬೇರಿಗೆ ತವರಿನ ಹಂಬಲ ಆಗಬಾರದು ಅಂತ. ನಾನು ಕಂದು ಹಂಚಿ, ಆ ಹಿಡಿ ಮಣ್ಣನ್ನೂ ಒಂಬತ್ತು ಪಾಲು ಮಾಡಿ, ಪ್ರಸಾದ ಹಂಚುವ ಹಾಗೆ ಒಂಬತ್ತು ಮನೆಯ ಪಾತಿಗೂ ನನ್ನ ಕೈಯಾರೆ ಉದುರಿಸಿ ಬಂದೆ.

ನೀನು ಹೊರಗಿನ ಮಣ್ಣು ಅಂತ ಕೇಳಿದೆ. ತವರ ಮಣ್ಣು ಹೊರಗಿನದು ಅಂತ ನನಗೆ ಹೊಳೆಯಲೇ ಇಲ್ಲ. ನಿಮ್ಮಪ್ಪ ಮೂವತ್ತು ವರ್ಷದಿಂದ ಈ ಊರಿಗೆ ಮಣ್ಣು ಹೊತ್ತ. ಅದು ಹೊರಗಿನದು ಅಂತ ಮಾತ್ರ ತಟ್ಟನೆ ಹೊಳೆಯಿತು.

ನಮ್ಮಜ್ಜಿ ಹೇಳುತ್ತಿದ್ದಳು. ಒಬ್ಬ ಮುದುಕಿ ಪಕ್ಕದ ಮನೆಯಿಂದ ಓಡಿನ ಚೂರಿನಲ್ಲಿ ಕೆಂಡ ಇಸಿದುಕೊಂಡು ಬರುವಾಗ, ಗಾಳಿಗೆ ಕಿಡಿ ಹಾರಿ ಸಾಲು ಬಣವೆಗಳೆಲ್ಲ ಹತ್ತಿಕೊಂಡವಂತೆ. ಮುದುಕಿ ಮನೆಮನೆಗೂ ಹೋಗಿ, "ಬೆಂಕಿ ಇಕ್ದೋರು ಯಾರ್ರವ್ವಾ?" ಅಂತ ಕೇಳಿದಳಂತೆ. ಕೆಂಡದ ಓಡು ಇನ್ನೂ ಕೈಯಲ್ಲೇ ಇತ್ತಂತೆ. ಚಿಕ್ಕವಳಿದ್ದಾಗ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮೊನ್ನೆ ತವರಿಗೆ ಹೋಗಿ ಬಂದೆ. ಮೂಲೆಯ ಒಂದು ಗಿಡ ಬಿಟ್ಟರೆ ಪಾತಿ ಬೋಳಾಗಿತ್ತು. ಅತ್ತಿಗೆಯನ್ನು ಕೇಳಿದೆ. "ಏನ್ ಏಳನೇ ಶಂಕ್ರಿ, ಆ ಪಾತೀಲಿ ಮೊದ್ಲು ಟೊಮೇಟೊ ಹಾಕಿದ್ವಿ, ನಿಂತಂಗೇ ಸತ್ವು. ಸೇವಂತ್ಗೆ ಹಾಕುದ್ವಿ. ನಿಂಗೆ ಕೊಟ್ಟು ಕಳ್ಸುದ್ ಮೇಲೆ ಇವೂ ಓದ್ವು. ಏಳುದ್ರೆ ನೊಂದ್ಕತೀಯೇನೋ ಅಂತ ಸುಮ್ಕಾದೆ" ಅಂದರು. ಕಾಫಿ ಲೋಟ ಕೈಗೆ ಕೊಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರನ್ನು ಬಯ್ಯುವ ಬಾಯಿ ನನಗೆಲ್ಲಿದೆ?

ಆ ಪಾತಿಯ ಮಣ್ಣು, ಅಲ್ಲಿ ಉಳಿದಿದ್ದ ಆ ಸೊರಗಿದ ಗಿಡ ಇದರ ಜೊತೆ ಬರುತ್ತಿವೆ. ಗುರುತು ಹೊಂದುತ್ತದೋ ಇಲ್ಲವೋ ನೋಡು.

ಇನ್ನೊಂದು ಇದೆ. ಅವತ್ತು ಮೂಟೆ ಸುರಿಯುವಾಗ ನನ್ನೊಳಗೆ ಒಂದು ಸಮಾಧಾನವಾಯಿತು, ಮೀನಾ. ಗಿಡ ತಂದವರು ಯಾರು ಅಂತ ಯಾರೂ ಕೇಳಲಿಲ್ಲವಲ್ಲ ಅಂತ. ಆವಾಗ ಅದಕ್ಕೆ ಹೆಸರಿಡಲು ಹೋಗಲಿಲ್ಲ.

ಶಂಕರಮ್ಮ


ಬೆಂಗಳೂರು
10 ಮಾರ್ಚ್ 2004

ಟೀಚರಮ್ಮನವರಿಗೆ,

ಹೊಂದುತ್ತದೆ.

ಒಂದೇ ಬ್ಯಾಕ್ಟೀರಿಯಾದಲ್ಲೂ ಮನೆತನಗಳು ಬೇರೆ ಬೇರೆ ಇರುತ್ತವೆ. ಅದನ್ನು ತಿಳಿಯಲು ಒಂದು ಗೆರೆ ಸಾಲದು, ಏಣಿಯ ಮೆಟ್ಟಿಲಿನಂತೆ ಹಲವು ಗೆರೆ ಬೇಕು. ಹನೂರಿನ ಮಣ್ಣಿನದು, ಹನೂರಿನ ಗಿಡದ್ದು, ನಿಮ್ಮದು, ರಂಗಮ್ಮನವರದು ಪಕ್ಕಪಕ್ಕ ಇಟ್ಟರೆ ಮೆಟ್ಟಿಲಿಗೆ ಮೆಟ್ಟಿಲು ಒಂದೇ. ಹೋಲಿಸಿ ನೋಡಲು ಮಾಂಬಳ್ಳಿಯ ಒಂದು ಟೊಮೇಟೊ ಹೊಲದ ರೋಗವನ್ನೂ ಇಟ್ಟಿದ್ದೆವು. ಅದು ನಿಮ್ಮ ಪಕ್ಕದ ಊರಿನದಾದರೂ ಬೇರೆ ಮನೆತನ. ಈ ಸಲವೂ ಯಶೋದಳೇ ಮಾಡಿದ್ದು.

ಸತ್ತ ಗಿಡಗಳನ್ನು ಬೇರುಸಮೇತ ಕಿತ್ತು ಸುಟ್ಟುಬಿಡಿ. ಆ ಪಾತಿಗಳಿಗೆ ಮೂರು ನಾಲ್ಕು ವರ್ಷ ಸೇವಂತಿಗೆ, ಟೊಮೇಟೊ, ಬದನೆ ಬೇಡ. ರಾಗಿ, ಜೋಳ ಆದೀತು. ಒಂದು ಪಾತಿಯ ನೀರು ಇನ್ನೊಂದಕ್ಕೆ ಹರಿಯದಿರಲಿ. ಇದಕ್ಕೆ ಹೊಡೆಯುವ ಔಷಧಿ ಇಲ್ಲ, ಯಾರು ಮಾರಿದರೂ ನಂಬಬೇಡಿ.

ಒಂದು ಹಾಳೆಯ ವರದಿಯನ್ನು ಕನ್ನಡದಲ್ಲೇ ಬರೆದು ಇಟ್ಟಿದ್ದೇನೆ. ಅದರಲ್ಲಿ ಯಾರ ಹೆಸರೂ ಇಲ್ಲ, ಪೊಟ್ಟಣದ ನಂಬರ್ ಮಾತ್ರ. ಸಂಘದಲ್ಲಿ ಓದಬಹುದು, ಟ್ರಂಕಿನಲ್ಲಿಯೂ ಇಡಬಹುದು. ಅದು ನನ್ನ ಕೆಲಸವಲ್ಲ.

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿಲ್ಲ.

ಮೀನಾ


ಅಗರ
11 ಏಪ್ರಿಲ್ 2004

ಮೀನಾ,

ಟ್ರಂಕಿನಲ್ಲೇ ಇಟ್ಟೆ. ಮೂರು ವಾರ. ನೀನು ಆ ಮಾತು ಬರೆಯದಿದ್ದರೂ ಅಲ್ಲೇ ಇಡುತ್ತಿದ್ದೆ. ಸೀರೆ ತೆಗೆಯುವಾಗೆಲ್ಲ ಕೈಗೆ ತಗುಲುತ್ತಿತ್ತು, ಮೇಲೆ ಇನ್ನೊಂದು ಸೀರೆ ಹಾಕುತ್ತಿದ್ದೆ.

ಯುಗಾದಿ ಕಳೆದ ಮೇಲೆ ರಂಗಮ್ಮ ಬಂದು, ಆ ಪಾತಿಗಳಿಗೆ ಹೊಸದಾಗಿ ಕಂದು ತರೋಣ, ನಿಮ್ಮ ತವರಿನದೇ ಆಗಲಿ, ಚೆಂದದ ಹೂವು ಅಂದಳು. ಆಗ ತಡೆಯಲಾಗಲಿಲ್ಲ. ಮರುದಿನವೇ ಸಂಘ ಕರೆದು ವರದಿ ಓದಿದೆ. ಮೂರನೇ ನಂಬರಿನ ಎಲೆಮಣ್ಣಿನಲ್ಲಿ ರೋಗವಿಲ್ಲ ಅಂತ ಓದಿದೆ. ಒಂದನೇ ನಂಬರಿನ ಮನೆಯ ಗಿಡ, ಅದು ಬಂದ ಊರಿನ ಮಣ್ಣು ಎರಡರದ್ದೂ ಒಂದೇ ಗುರುತು ಅಂತ ಓದಿ ಹಾಳೆ ಮಡಿಚಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನೀನು ಹೆಸರು ಬರೆದಿರಲಿಲ್ಲ.

"ಒಂದ್ನೇ ನಂಬರು ಯಾರ್ ಮನೇದು?" ಅಂತ ರಂಗಮ್ಮ ಕೇಳಿದಳು.

"ನಮ್ಮನೇದು" ಅಂದೆ. ಮಡಿಲ ಮಣ್ಣಿನ ವಿಷಯವನ್ನೂ ಹೇಳಿದೆ. ನಾನೇ ಒಂಬತ್ತು ಪಾಲು ಮಾಡಿದ್ದು, ಗೊತ್ತಾದ ಮೇಲೂ ಮುಚ್ಚಿಟ್ಟದ್ದು, ಕಾಲುವೆ ಹತ್ತಿರ ನಿಮ್ಮಪ್ಪ ಕೇಳಿದಾಗ ಬಾಯಿಬಿಡದೆ ನಿಂತದ್ದು, ಎಲ್ಲ.

ಬಯ್ಯುತ್ತಾರೆ ಅಂದುಕೊಂಡಿದ್ದೆ. ಮಹಾಲಕ್ಷ್ಮಮ್ಮ ಮಾತ್ರ, "ಅದ್ಕೇ ನಾನು ಯಾರ್ ಮನೆ ಕಂದೂ ಈಸ್ಕಳಕಿಲ್ಲ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದುಹೋದರು. ಉಳಿದವರು ನೆಲ ನೋಡುತ್ತಿದ್ದರು. ಕೊನೆಗೆ ರಂಗಮ್ಮ, "ಏಳಿದ್ದು ನೀವು, ಮೂಟೆ ಸುರ್ದೋಳು ನಾನು. ನಮ್ಗೆ ಬೋರ್ಡ್ ಮೇಲೆ ಬರ್ದಿದ್ದೇ ಸತ್ಯ ಕಣ್ರಿ ಟೀಚರಮ್ಮ. ನೀವ್ ಬರುದ್ರಿ, ನಾವ್ ಓದುದ್ವಿ" ಅಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಮೊನ್ನೆ ನಾವಿಬ್ಬರೂ ಬೆಟ್ಟ ಹತ್ತಿ ನಿಮ್ಮ ಪೋಡಿಗೆ ಹೋದೆವು. ನಿಮ್ಮಪ್ಪ ಜೇನಿಗೆ ಹೋಗಿದ್ದ. ನಿಮ್ಮವ್ವ ಸಿದ್ದಿ ಚಾಪೆ ಹಾಸಿದಳು, ಕರೀ ಕಾಫಿ ಕೊಟ್ಟಳು. ರಂಗಮ್ಮ ದಾರಿಯುದ್ದಕ್ಕೂ ಹೇಳಿ ಹೇಳಿ ಕಲಿತಿದ್ದ ಮಾತನ್ನು ಮರೆತು, "ಕಾಫಿ ಚೆಂದಾಗದೆ" ಅಂತಷ್ಟೇ ಹೇಳಿದಳು. ನಾನು ಬಂದ ಕಾರಣ ಹೇಳಿದೆ. ಸಿದ್ದಿ ಕೊನೆವರೆಗೂ ಕೇಳಿ, "ಅವ್ರು ಬರ್ಲಿ. ಅವ್ರ್ ಮಾತು ಅವ್ರೇ ಆಡ್ಲಿ" ಅಂದಳು. ಸಂಜೆವರೆಗೆ ಕಾದೆವು. ಕೊನೇ ಬಸ್ಸಿಗೆ ಇಳಿದು ಬಂದೆವು.

ಕ್ಷಮಿಸು ಅಂತ ನಿನ್ನನ್ನು ಕೇಳುವುದಿಲ್ಲ. ಕೇಳಬೇಕಾದವನು ಸಿಗಲಿಲ್ಲ.

ಶಂಕರಮ್ಮ


ಬೆಟ್ಟದ ಪೋಡು
16 ಮೇ 2004

ಟೀಚರಮ್ಮನವರಿಗೆ,

ರಜೆಗೆ ಬಂದಿದ್ದೇನೆ. ನಿಮ್ಮ ಕಾಗದಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಉತ್ತರ ಬರಿ ಅಂದ. ಕೆಳಗಿರುವುದು ಅಪ್ಪ ಹೇಳಿದ್ದು, ಹೇಳಿದ ಹಾಗೆಯೇ ಬರೆದಿದ್ದೇನೆ. ಇದರಲ್ಲಿ ಕೆಲವು ನನಗೂ ಇವತ್ತೇ ಗೊತ್ತಾದದ್ದು.

ಮೀನಾ

ಟೀಚರಮ್ನೋರ್ಗೆ ಕೇತಯ್ಯ ಮಾಡೋ ಸರಣು. ನೀವು ಈ ವಯಸ್ನಲ್ಲಿ ಬೆಟ್ಟ ಅತ್ತಿ ಬಂದ್ರಂತೆ. ನಾನಿರ್ನಿಲ್ಲ. ಇದ್ದಿದ್ರೂ ಏನ್ ಆಡ್ತಿದ್ನೋ ಗೊತ್ತಿಲ್ಲ. ಅದ್ಕೇ ಕಾಗ್ದ.

ಮೂಟೆ ಸುರುದ್ರು ಅಂತ ಮೀನಂಗೆ ಸಿಟ್ಟು. ನಂಗೆ ಅದಲ್ಲ. ಮೂಟೆ ಅಂದ್ಮೇಲೆ ತುಂಬೋದು, ಸುರ್ಯೋದು ಇದ್ದಿದ್ದೇ. ರಂಗಮ್ಮಂಗೆ ಏಳಿ, ನಂಗೆ ಅವ್ಳ್ ಮೇಲೆ ಏನೂ ಇಲ್ಲ. ಅವ್ಳ ಗಿಡ ಸತ್ತಿದ್ವು, ಯಾರ್ ಮೇಲಾದ್ರೂ ಬೀಳ್ಬೇಕಿತ್ತು.

ನೀವು ಬರ್ದಿದ್ರಲ್ಲಿ ಒಂದ್ ತಪ್ಪದೆ. ನೀವಾಡಿದ್ ಮಾತ್ನ ಒಂಬತ್ ಮನೆಯೋರು ನಂಬುದ್ರು ಅನ್ನೋ ಅಂಗೆ ಬರ್ದಿದ್ದೀರಿ. ಒಂಬತ್ತಲ್ಲ, ಅತ್ತು ಮನೆ. ನಾನೂ ನಂಬ್ದೆ.

ಅವತ್ತು ಬೆಟ್ಟ ಅತ್ತವಾಗ ಯೋಚ್ನೆ ಮಾಡ್ಕಂಡೇ ಬಂದೆ. ಈಯಮ್ಮ ನನ್ ಮಗ್ಳಿಗೆ ಅಕ್ಸರ ಕಲ್ಸವ್ರೆ, ತಲೆಗೆ ಎಣ್ಣೆ ಇಕ್ಕವ್ರೆ, ಸುಳ್ಳಾಡೋರಲ್ಲ. ಅಂಗಾರೆ ನನ್ ಮಣ್ಣಲ್ಲೇ ಏನೋ ಅದೆ ಅಂದ್ಕಂಡೆ. ಮನೆ ಇಂದ್ಗಡೆ ಇತ್ತಲಲ್ಲಿ ನಮ್ಮಪ್ಪನ ಕಾಲ್ದಿಂದ ಏರುಸ್ತಾ ಬಂದಿದ್ದ ಎಲೆಮಣ್ಣಿನ ಗುಡ್ಡೆ ಇತ್ತು. ಸೌದೆ ಜೋಡ್ಸಿ ಸುಟ್ಬುಟ್ಟೆ. ಒಂದ್ ವಾರ ಒಗೆ ಆಡ್ತಾನೇ ಇತ್ತು. ಸಿದ್ದಿ ಕೇಳುದ್ಲು, ಇಲಿ ಸೇರ್ಕಂಡಿದ್ವು ಅಂದೆ.

ಮೀನ ಸಂಕ್ರಾಂತಿಗೆ ಬಂದಾಗ್ಲೂ ಏಳ್ನಿಲ್ಲ. ಅವ್ಳು ಅದೇ ಓದಿರೋಳು. ಕೇಳುದ್ರೆ, ಊ ಕಣಪ್ಪ, ನಿನ್ ಮಣ್ಣೇ ಅಂದ್ಬುಟ್ರೆ ಅಂತ ಭಯ. ಅದ್ಕೇ ಮಂಡಿ ನೋವು ಅಂದೆ.

ಈಗ ನೀವು ಊರ್ ಮುಂದೆ ಏಳುದ್ರಿ. ಅದು ದೊಡ್ದು. ಯಾರೂ ಏಳಕಿಲ್ಲ. ಅಗರದೋರು ಮೊನ್ನೆ ಏಳ್ಕಳ್ಸವ್ರೆ, ಮಣ್ಣು ತಕಬಾ ಕೇತಯ್ಯ ಅಂತ. ಬತ್ತೀನಿ, ನಿಮ್ ಮನೇಲಿ ಕೂತು ಊಟ ಮಾಡ್ತೀನಿ. ಮಣ್ ತರಕಿಲ್ಲ. ಸಿಟ್ಟಿಗಲ್ಲ.

ನನ್ ಮಣ್ಣಲ್ಲಿ ರೋಗ ಇಲ್ಲ ಅಂತ ಮಗ್ಳು ಮೂರ್ ಸಲ ಓದಿ ಏಳುದ್ಲು. ಕೇಳ್ಕಂಡೆ. ಆದ್ರೂ ಈಗ ಒಂದ್ ಇಡಿ ಮಣ್ ಕೈಗೆ ತಕಂಡ್ರೆ, ಮೊದ್ಲು ಮೂಸ್ ನೋಡ್ತೀನಿ ಟೀಚರಮ್ನೋರೇ. ಮುಂಚೆ ನೋಡ್ತಿರ್ನಿಲ್ಲ.

ಕೇತಯ್ಯ
(ಹೆಬ್ಬೆಟ್ಟಿನ ಗುರುತು)